ಬಣ್ಣದಡಿಯ ಬಿರಡೆ

ಬೋರ್‌ತೊಲ್ಗೊಯ್
9 ಸೆಪ್ಟೆಂಬರ್ 1996

ತಮ್ಮಾ ಯಾದಮ್,

ನಾವೆಲ್ಲ ಚೆನ್ನಾಗಿದ್ದೇವೆ. ಕುರಿಗಳು ಕೊಬ್ಬಿವೆ, ಹುಲ್ಲು ಪರವಾಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಭಾವ ಚೆನ್ನಾಗಿದ್ದಾರೆ, ಅವರ ಗೊರಕೆಯೂ ಚೆನ್ನಾಗಿದೆ. ಉಲಾನ್‌ಬಾತರಿನಲ್ಲಿ ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ.

ಈ ಕಾಗದ ತರುವ ಗೊಂಬೊನ ಲಾರಿಯಲ್ಲೇ ನಮ್ಮ ಮುದುಕಪ್ಪನ, ಅದೇ ಅಮ್ಮನ ಹಳೇ ಲಾರಿಯ, ಇಂಜಿನ್ನೂ ಬರುತ್ತಿದೆ. ಇಳಿಸಿಕೊಳ್ಳುವಾಗ ಸೊಂಟ ಉಳುಕಿಸಿಕೊಳ್ಳಬೇಡ. ಬೇಸಿಗೆಯಿಂದಲೂ ನೀಲಿ ಹೊಗೆ ಬಿಡುತ್ತಿತ್ತು. ಈಗ ಏರು ಹತ್ತುವಾಗ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಬಡಿಯುತ್ತದೆ. ಎಣ್ಣೆಯಂತೂ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ನೀರು ಸೇರುತ್ತಿದೆ ಅಂತ ಅಮ್ಮ ಕಡ್ಡಿ ಎತ್ತಿ ನೋಡಿದವಳೇ ಹೇಳಿದಳು. ಸಹಕಾರ ಸಂಘ ಮುಚ್ಚಿದಾಗ ಊರವರೆಲ್ಲ ತಮ್ಮ ಪಾಲಿಗೆ ಆಡು, ಒಂಟೆ ಕೇಳಿದರೆ, ಅಮ್ಮ ತಾನು ಹರೆಯದಿಂದ ಓಡಿಸಿದ ಈ ಲಾರಿಯನ್ನೇ ಕೇಳಿ ತಂದವಳಲ್ಲವೇ. ಇಂಜಿನ್ ಬಿಚ್ಚಿ ಒಂಟೆಗಾಡಿಗೆ ಏರಿಸುವಾಗ ಹತ್ತಿರ ಬರಲಿಲ್ಲ. ಗುಡಾರದ ಬಾಗಿಲಲ್ಲಿ ಕೂತು ನೋಡಿದಳು.

ಖುರೆನ್ ಘಟ್ಟದಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಲಾರಿ ಓಡಬೇಕು. ಹಾಗಂತ ಅವಸರವೇನಿಲ್ಲ. ನೀನು ಅವಸರ ಮಾಡಿ ಕೆಡಿಸಿದ ಸಾಮಾನು ಇನ್ನೂ ಪೆಟ್ಟಿಗೆಯಲ್ಲಿವೆ. ನಿಧಾನವಾಗಿ, ಚೆನ್ನಾಗಿ ಮಾಡು.

ನಿನ್ನ ಅಕ್ಕ
ದುಲ್ಮಾ

*

ಉಲಾನ್‌ಬಾತರ್
24 ಸೆಪ್ಟೆಂಬರ್ 1996

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇಲ್ಲೂ ಎಲ್ಲ ಚೆನ್ನಾಗಿದೆ. ಅಮ್ಮ, ಭಾವ, ಕುರಿ ಎಲ್ಲ ಚೆನ್ನಾಗಿರುವುದು ತಿಳಿದು ಸಂತೋಷವಾಯಿತು.

ಇಂಜಿನ್ ಪೂರ್ತಿ ಬಿಚ್ಚಿದೆ. ನಮ್ಮ ಗ್ಯಾರೇಜಿನವರು ಸುತ್ತ ನಿಂತು, ಇದನ್ನು ಮಾಡಿಸುವ ಬದಲು ತೂಕಕ್ಕೆ ಹಾಕು ಅಂದರು. ಇದು ಡ್ರೈವರ್ ಖಂದ್ಮಾಳ ಲಾರಿಯದು ಅಂದೆ. ನಮ್ಮ ಯಜಮಾನ ಹಳೇ ಮನುಷ್ಯ, ಮೂರು ಜಿಲ್ಲೆ ಸುತ್ತಿದವನು. ಅಮ್ಮನ ಹೆಸರು ಕೇಳಿದ್ದೇ ಟೋಪಿ ತೆಗೆದು, ಮೂಲೆಯ ಬೆಂಚು ಪೂರ್ತಿ ನನಗೆ ಬಿಟ್ಟುಕೊಟ್ಟ.

ಸಿಲಿಂಡರುಗಳು ಸವೆದು ಮೊಟ್ಟೆಯಾಕಾರ ಆಗಿದ್ದವು. ಬೋರ್ ಹಾಕಿಸಿ ಮತ್ತೆ ದುಂಡಗೆ ಕೊರೆಸಿದೆ. ದೊಡ್ಡ ಅಳತೆಯ ಪಿಸ್ಟನ್ ಸಂತೆಯಲ್ಲಿ ಸಿಕ್ಕಿತು, ರಿಂಗುಗಳಿಗೆ ಒದ್ದಾಡುತ್ತಿದ್ದೇನೆ. ಈಗ ಹೊಸದು ಅಂತ ಯಾವುದೂ ರಷ್ಯಾದಿಂದ ಬರುವುದಿಲ್ಲ. ಎಲ್ಲರೂ ಗೋಣಿ ಹಾಸಿ ಇನ್ನೊಬ್ಬರ ಹಳೇ ಸಾಮಾನು ಮಾರುತ್ತಾರೆ. ವಾಲ್ವುಗಳನ್ನು ನಾನೇ ಕೂತು ಉಜ್ಜುತ್ತಿದ್ದೇನೆ. ಅಮ್ಮ ಕಲಿಸಿದ ಹಾಗೆ ಸೀಮೆಎಣ್ಣೆ ಸುರಿದು ಒಂದು ಹನಿಯೂ ಇಳಿಯದ ತನಕ ಬಿಡುವುದಿಲ್ಲ. ಎಣ್ಣೆಗೆ ನೀರು ಸೇರಿದ್ದು ಗ್ಯಾಸ್ಕೆಟ್ ಕೆಟ್ಟು ಇರಬೇಕು. ನೋಡುತ್ತೇನೆ.

ಒಂದು ಮಾತು. ಕಾಗದದ ಕೆಳಗೆ ಅಮ್ಮ ಯಾವಾಗಲೂ ಎರಡು ಸಾಲು ಬೈದು ಬರೆಯುತ್ತಿದ್ದಳಲ್ಲ, ಈ ಸಲ ಯಾಕೆ ಬರೆದಿಲ್ಲ? ನನ್ನ ಮೇಲೆ ಕೋಪವೇ?

ಯಾದಮ್

*

ಬೋರ್‌ತೊಲ್ಗೊಯ್
5 ಅಕ್ಟೋಬರ್ 1996
(ಕಳಿಸಲಿಲ್ಲ)

ಯಾದಮ್,

ಚೆನ್ನಾಗಿಲ್ಲ ಕಣೋ. ಅಮ್ಮನಿಗೆ ಬಲಪಕ್ಕೆಯ ಕೆಳಗೆ ನೋವು, ಬೇಸಿಗೆಯಲ್ಲಿ ಶುರುವಾದದ್ದು. ಈಗ ಉಂಡದ್ದು ನಿಲ್ಲುತ್ತಿಲ್ಲ. ಕಣ್ಣು ಹಳದಿಯಾಗಿದೆ. ಪಿತ್ತಕೋಶದಲ್ಲಿ ಕಲ್ಲಿದೆ, ಅಲ್ಟಾಯ್ ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ದು ಕೊಯ್ಯಿಸಲೇಬೇಕು, ಘಟ್ಟ ಮುಚ್ಚಿದರೆ ವಸಂತದ ತನಕ ಇವಳು ಉಳಿಯುವುದಿಲ್ಲ ಅಂತ ಊರ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದಳು. ಅವಳ ಆಸ್ಪತ್ರೆಯ ಗಾಡಿಗೆ ಟೈರೇ ಇಲ್ಲ. ಯಾರಾದರೂ ಲಾರಿಯವರನ್ನು ಕೇಳೋಣ ಅಂದರೆ ಅಮ್ಮ ಕೇಳುತ್ತಿಲ್ಲ. "ಇನ್ನೊಬ್ಬರ ಲಾರೀಲಿ ಚರ್ಮದ ಮೂಟೆ ಹಂಗೆ ಹೋಗಲ್ಲ ನಾನು. ನನ್ನ ಗಾಡಿ ಬರ್ಲಿ" ಅನ್ನುತ್ತಾಳೆ. ನಿನಗೆ ತಿಳಿಸಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ತಿಳಿದರೆ ನೀನು ಕೈ ನಡುಗಿಸಿಕೊಂಡು ಕೆಲಸ ಕೆಡಿಸುತ್ತೀಯಂತೆ. ಬೇಗ ಮಾಡೋ ಯಾದಮ್. ಹೇಗಾದರೂ ಬೇಗ

*

ಬೋರ್‌ತೊಲ್ಗೊಯ್
6 ಅಕ್ಟೋಬರ್ 1996

ತಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಕುರಿಗಳು ಚೆನ್ನಾಗಿವೆ. ಅಮ್ಮ ಚೆನ್ನಾಗಿದ್ದಾಳೆ, ಚಹಾ ಕುಡಿಯುತ್ತಾಳೆ, ಹಗಲು ಸ್ವಲ್ಪ ಮಲಗುತ್ತಾಳೆ. ಕೋಪವೂ ಇಲ್ಲ ಏನೂ ಇಲ್ಲ, ಕನ್ನಡಕ ಒಡೆದಿದೆ, ಅದಕ್ಕೇ ಬರೆದಿಲ್ಲ.

ನಿನ್ನ ವಾಲ್ವಿನ ಸಮಾಚಾರ ಓದಿ ಹೇಳಿದೆ. ಎರಡು ಸಲ ಓದಿಸಿದಳು. "ಉಜ್ಜೋದು ಗೊತ್ತಾಯ್ತಲ್ಲ, ಸದ್ಯ" ಅಂದಳು. ನಿನಗೆ ಅಷ್ಟು ಹೊಗಳಿಕೆ ಸಾಕು.

ಈ ಸಲ ಹಕ್ಕಿಗಳು ಬೇಗ ಹೊರಟಿವೆ. ಘಟ್ಟದ ತುದಿ ಆಗಲೇ ಬೆಳ್ಳಗಾಗಿದೆ. ಅವಸರವೇನಿಲ್ಲ, ಸುಮ್ಮನೆ ಬರೆದೆ. ಆದರೂ ಎಂದು ಮುಗಿಯಬಹುದು ಅಂತ ತಿಳಿಸು.

ದುಲ್ಮಾ

*

ಉಲಾನ್‌ಬಾತರ್
22 ಅಕ್ಟೋಬರ್ 1996

ಅಕ್ಕಾ,

ಎಲ್ಲ ಚೆನ್ನಾಗಿದೆ. ಅವಸರವಿಲ್ಲ ಅಂತ ನೀನು ಬರೆದದ್ದು ಒಳ್ಳೆಯದಾಯಿತು. ಒಂದು ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಈಗ ಮುಗಿದಿದೆ, ಅದರ ಮಾತು ಬೇಡ.

ಕ್ರ್ಯಾಂಕ್ ಕೂರಿಸಿದೆ, ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ಹೆಡ್ ಕೂರಿಸಿ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಅಮ್ಮ ಹೇಳುವ ಕ್ರಮದಲ್ಲೇ ಬಿಗಿದೆ. ಬೆಂಚಿನ ಮೇಲೆ ಚಾಲೂ ಮಾಡಿದಾಗ ಗ್ಯಾರೇಜಿನವರೆಲ್ಲ ಬಂದು ಸುತ್ತ ನಿಂತರು. ಬಡಿತ ಇಲ್ಲ, ಹೊಗೆ ಇಲ್ಲ. ಯಜಮಾನ ಇಂಜಿನ್ ಮೇಲೆ ಚಹಾದ ಬಟ್ಟಲಿಟ್ಟ, ಒಂದು ಹನಿ ತುಳುಕಲಿಲ್ಲ. ನನ್ನ ಬೆನ್ನು ತಟ್ಟಿ, "ನಿಮ್ಮವ್ವ ನೋಡ್ಬೇಕು ಕಣಯ್ಯ" ಅಂದ.

ಈಗ ಬಣ್ಣ ಬಳಿಯುತ್ತಿದ್ದೇನೆ. ಹಳೇ ಜಿಡ್ಡು, ತುಕ್ಕು ಎಲ್ಲ ಕೆರೆದು ಸುಟ್ಟು ತೆಗೆದು ಮೊದಲ ಕೈ ಹೊಡೆದಾಯಿತು. ದೇವರಿಗೆ ಕಟ್ಟುವ ಖದಗ್ ವಸ್ತ್ರದ ನೀಲಿ. ಅಮ್ಮ ಬಾನೆಟ್ ಎತ್ತಿದಾಗ ಕಣ್ಣು ಅರಳಬೇಕು. ಒಂದು ಕೈ ಒಣಗಲು ಇಲ್ಲಿಯ ಚಳಿಯಲ್ಲಿ ನಾಲ್ಕೈದು ದಿನ ಬೇಕು. ಎರಡನೆಯ ಕೈ ಹೊಡೆದು, ನವೆಂಬರ್ ಕೊನೆಗೆ ರಜೆ ಹಾಕಿ ನಾನೇ ಜೊತೆಯಲ್ಲಿ ತಂದು ಕೂರಿಸುತ್ತೇನೆ. ನಾನು ಬರುವ ತನಕ ಯಾರೂ ಕೈ ಹಾಕಬೇಡಿ.

ಅಮ್ಮನಿಗೆ ಕನ್ನಡಕ ತರುತ್ತೇನೆ. ಯಾವ ನಂಬರು?

ಯಾದಮ್

*

ಉಲಾನ್‌ಬಾತರ್
30 ಅಕ್ಟೋಬರ್ 1996
(ಅಂಚೆಯಲ್ಲಿ)

ಅಕ್ಕಾ,

ನಿನ್ನೆ ಗೊಂಬೊ ಬಂದಿದ್ದ. ಗಡಿಯ ಕಡೆ ಹೋಗುವ ಈ ವರ್ಷದ ಕೊನೆಯ ಸರಕಿನ ಲಾರಿ ತನ್ನದೇ, ಕೊಡುವುದಾದರೆ ಈಗಲೇ ಕೊಡು ಅಂದ. ನನಗೆ ರಜೆ ಸಿಗಲಿಲ್ಲ. ಇಂಜಿನ್ ಕೊಟ್ಟು ಕಳಿಸಿದ್ದೇನೆ. ಊರಿನಲ್ಲಿ ಅಂಚೆಮನೆಯ ಹತ್ತಿರ ಇಳಿಸಿ ಹೋಗುತ್ತಾನೆ. ನಾನು ಹದಿನೈದು ದಿನದಲ್ಲಿ ಅಂಚೆ ಲಾರಿಯಲ್ಲಿ ಬರುತ್ತೇನೆ.

ಅವನ ಕೈಯಲ್ಲಿ ಬರೆದು ಕಳಿಸದ ಒಂದು ವಿಷಯವನ್ನು ಇದರಲ್ಲಿ ಬರೆಯುತ್ತಿದ್ದೇನೆ. ಹೊರಟ ಸಾಮಾನಿನ ಜೊತೆ ಕೆಟ್ಟ ಮಾತು ಕಳಿಸಬಾರದು ಅಂತ ಅಮ್ಮನೇ ಕಲಿಸಿದ್ದಲ್ಲವೇ. ಅಲ್ಲದೆ ಗೊಂಬೊ ಎಲ್ಲರ ಕಾಗದವನ್ನೂ ಒಡೆದು ಓದುತ್ತಾನೆ. ಒಡೆದ ಇಂಜಿನ್ ಅಂತ ಗೊತ್ತಾದರೆ ಅಪಶಕುನ ಅಂತ ಲಾರಿಗೇ ಏರಿಸುತ್ತಿರಲಿಲ್ಲ.

ಹೌದಕ್ಕ, ಇಂಜಿನ್ನಿನ ಒಡಲು, ಬ್ಲಾಕೇ, ಬಿರುಕು ಬಿಟ್ಟಿತ್ತು. ನೀರು ಸೇರುತ್ತಿದ್ದದ್ದು ಅಲ್ಲಿಂದಲೇ. ಬಿರುಕು ಹಿಂಬದಿಯ ನೀರಿನ ನಲ್ಲಿಯ ತೂತಿನಿಂದಲೇ ಶುರುವಾಗಿತ್ತು. ಹಿತ್ತಾಳೆ ತಿರುಪುಮೊಳೆಗಳನ್ನು ಒಂದರ ಪಕ್ಕ ಒಂದು ತಿರುಗಿಸಿ ಹೊಲಿದ ಹಾಗೆ ಮುಚ್ಚಿದ್ದೇನೆ. ನಲ್ಲಿ ತೆಗೆದು ಆ ತೂತಿಗೂ ಬಿರಡೆ ಜಡಿದು, ಅರೆದು ನುಣುಪು ಮಾಡಿ, ಮೇಲೆ ಬಣ್ಣ ಹೊಡೆದೆ. ಗೊತ್ತಿಲ್ಲದವರಿಗೆ ಅಲ್ಲೊಂದು ನಲ್ಲಿ ಇತ್ತು ಅಂತಲೂ ಕಾಣುವುದಿಲ್ಲ. ಸೋರುವುದಿಲ್ಲ, ಅದಕ್ಕೆ ನಾನು ಹೊಣೆ. ಆದರೆ ರಾತ್ರಿ ಹೆಪ್ಪುಗಟ್ಟದಿರಲಿ ಅಂತ ರೇಡಿಯೇಟರಿನ ನಲ್ಲಿ ಬಿಟ್ಟರೆ ಪೂರ್ತಿ ನೀರು ಇಳಿಯುವುದಿಲ್ಲ. ಬ್ಲಾಕಿನ ತಳದಲ್ಲಿ ನಿಲ್ಲುತ್ತದೆ. ಅದು ಹೆಪ್ಪುಗಟ್ಟಿದರೆ ಹೊಲಿದದ್ದೆಲ್ಲ ಒಂದೇ ರಾತ್ರಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಯಾರಿಂದಲೂ ಕೂಡಿಸಲು ಆಗುವುದಿಲ್ಲ.

ನಾನು ಬಂದು ಇನ್ನೊಂದು ಕಡೆ ತೂತು ಕೊರೆದು ನಲ್ಲಿ ಕೂರಿಸುತ್ತೇನೆ. ಅಲ್ಲಿಯ ತನಕ ಓಡಿಸಬೇಡಿ. ಹೇಗೂ ಅವಸರವಿಲ್ಲವಲ್ಲ.

ಯಾದಮ್

*

ಬೋರ್‌ತೊಲ್ಗೊಯ್
10 ನವೆಂಬರ್ 1996

ತಮ್ಮಾ,

ಎಲ್ಲರೂ ಚೆನ್ನಾಗಿದ್ದೇವೆ. ನಗರದ ಕಡೆ ಹೋಗುವ ಚರ್ಮದ ವ್ಯಾಪಾರಿ ಹೊರಗೆ ಜೀಪಿನಲ್ಲೇ ಕೂತಿದ್ದಾನೆ, ಎರಡೇ ಮಾತು ಬರೆಯುತ್ತೇನೆ.

ಇಂಜಿನ್ ಬಂತು. ನೀನು ಬರುವ ತನಕ ಕಾಯಲಿಲ್ಲ, ಬೈಯಬೇಡ. ನಿನ್ನ ಭಾವ ಮತ್ತು ನಾನು ಸೇರಿ ಮರದ ಮುಕ್ಕಾಲಿ ಕಟ್ಟಿ ಇಳಿಸಿ ಕೂರಿಸಿದೆವು. ಅಮ್ಮ ಗುಡಾರದೊಳಗಿಂದಲೇ ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಅಂತ ಕೂಗಿ ಹೇಳಿದಳು. ಚಾಲೂ ಆದ ಸದ್ದು ಕೇಳಿ ಎದ್ದು ಕೂತಳು. ಆಮೇಲೆ ತಾನೇ ಹಾಲಿನ ಚೊಂಬು ತರಿಸಿ ಚಕ್ರಗಳಿಗೆ ಚಿಮುಕಿಸಿದಳು. ನಿನ್ನ ನೀಲಿ ಬಣ್ಣ ನೋಡಿ ಭಾವ, "ಇದನ್ನ ಬಾನೆಟ್ ಒಳಗೆ ಮುಚ್ಚೋಕೇ ಮನಸ್ಸು ಬರಲ್ಲ" ಅಂದರು.

ನಾಡಿದ್ದು ಘಟ್ಟ ಹತ್ತುತ್ತೇವೆ. ಅಲ್ಟಾಯ್ ಪಟ್ಟಣದಲ್ಲಿ ಹಿಟ್ಟು, ಮೇಣದಬತ್ತಿ ತರುವುದಿದೆ. ಅಮ್ಮನೂ ಬರುತ್ತಾಳೆ, ಸುಮ್ಮನೆ ಗಾಳಿ ಬದಲಾವಣೆಗೆ. ಪೆಟ್ರೋಲ್ ಹೋಗುವುದಕ್ಕೆ ಸಾಕಾಗುವಷ್ಟಿದೆ.

ದುಲ್ಮಾ

*

ತಂತಿ
ಉಲಾನ್‌ಬಾತರ್, 15 ನವೆಂಬರ್ 1996

ದುಲ್ಮಾ, ಬೋರ್‌ತೊಲ್ಗೊಯ್. ಲಾರಿ ಹೊರಡಿಸಬೇಡಿ. ಹಿಂದಿನ ನಲ್ಲಿ ಮುಚ್ಚಿದೆ. ನೀರು ಒಳಗೆ ನಿಲ್ಲುತ್ತದೆ. ಯಾದಮ್.

ಅದರ ಮೇಲೆ ಬೋರ್‌ತೊಲ್ಗೊಯ್ ಅಂಚೆಮನೆಯಾಕೆಯ ಕೈಬರಹ, ತಂತಿಯಲ್ಲೇ ಕಳಿಸಿದ ಉತ್ತರ: ಹನ್ನೆರಡನೇ ತಾರೀಖಿಗೇ ಹೊರಟು ಹೋಗಿದ್ದಾರೆ. ಮುಂಚೆ ಬಂದ ಅಂಚೆ ಕಾಗದವೂ ಇಲ್ಲೇ ಇದೆ, ಒಯ್ಯಲು ಯಾರೂ ಬರಲಿಲ್ಲ. ಹದಿಮೂರರಿಂದ ಘಟ್ಟದಲ್ಲಿ ಹಿಮಗಾಳಿ. ಸಮಾಚಾರವಿಲ್ಲ.

*

ಉಲಾನ್‌ಬಾತರ್
15 ನವೆಂಬರ್ 1996

ಅಕ್ಕಾ,

ರಜೆ ಇನ್ನೂ ಸಿಗದೆ ಇಲ್ಲೇ ಉಳಿದಿದ್ದೇನೆ. ಯಾವ ವಿಳಾಸಕ್ಕೆ ಬರೆಯಬೇಕೋ ತಿಳಿಯದೆ ಅಲ್ಟಾಯ್ ಪಟ್ಟಣದ ಅಂಚೆಮನೆಗೆ ಬರೆಯುತ್ತಿದ್ದೇನೆ. ನೀನು ಅಲ್ಲಿಗೆ ಬಂದು ಇದನ್ನು ಓದುತ್ತಿದ್ದರೆ ಅಷ್ಟೇ ಸಾಕು.

ಅವಸರವಿಲ್ಲ ಅಂತ ನೀನು ಎರಡು ಸಲ ಬರೆದೆ. ಹಾಗಾದರೆ ನನಗೆ ಕಾಯದೆ ಹಿಟ್ಟಿಗೆ ಅಂತ ಈ ಕಾಲದಲ್ಲಿ ಘಟ್ಟ ಹತ್ತುವುದು ಯಾಕೆ? ಅಮ್ಮ ಒಳಗಿಂದಲೇ ಕೂಗಿ ಹೇಳಿದಳು ಅಂತ ಬರೆದಿದ್ದೀಯ. ಅಮ್ಮ ಎಂದಾದರೂ ತನ್ನ ಇಂಜಿನ್‌ಗೆ ಇನ್ನೊಬ್ಬರು ಸ್ಪ್ಯಾನರ್ ಹಾಕುವಾಗ ಒಳಗೆ ಕೂತವಳೇ? ಈಗ ಹಳೇ ಕಾಗದಗಳನ್ನೆಲ್ಲ ಹರಡಿಕೊಂಡು ಓದುತ್ತಿದ್ದೇನೆ. ಹಗಲು ಮಲಗುತ್ತಾಳೆ ಅಂತ ಬರೆದದ್ದನ್ನು ವಯಸ್ಸಾಯಿತು ಅಂದುಕೊಂಡು ದಾಟಿಸಿದೆನಲ್ಲ, ಎಂಥ ಕುರುಡ ನಾನು. ಕನ್ನಡಕ ಕೊಂಡು ತಂದು ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಅಕ್ಕಾ, ಅಮ್ಮನಿಗೆ ಏನಾಗಿದೆ?

ಯಾದಮ್

*

ಅಲ್ಟಾಯ್ ಪಟ್ಟಣ, ದೊಡ್ಡಾಸ್ಪತ್ರೆ
19 ನವೆಂಬರ್ 1996

ಯಾದಮ್,

ಅಮ್ಮ ಬದುಕಿದ್ದಾಳೆ. ಮೊದಲು ಅದನ್ನೇ ಬರೆಯುತ್ತೇನೆ. ಪಿತ್ತಕೋಶ ಕೊಯ್ದು ತೆಗೆದರು. ಒಡೆಯುವುದಕ್ಕೆ ಬಂದಿತ್ತಂತೆ. ಬೇಸಿಗೆಯಿಂದಲೂ ಕಾಯಿಲೆಯಲ್ಲಿದ್ದಳು, ನಿನಗೆ ತಿಳಿಸಲಿಲ್ಲ. ಬೈಯುವುದಿದ್ದರೆ ಬೈ. ನಾನೂ ನಿನಗೆ ಬೈಯುವುದಿದೆ, ಮೊದಲು ನಡೆದದ್ದನ್ನು ಕೇಳು.

ಮೊದಲ ರಾತ್ರಿ ಘಟ್ಟದ ಬುಡದಲ್ಲಿ ಗೊತ್ತಿದ್ದವರ ಗುಡಾರದಲ್ಲಿ ತಂಗಿದೆವು. ಅಮ್ಮನಿಗೆ ನೋವು ಜಾಸ್ತಿಯಾದದ್ದರಿಂದ ತಡಮಾಡದೆ ನಸುಕಿಗೇ ಹೊರಡೋಣ ಅಂತ ನಿನ್ನ ಭಾವ ನೀರೇ ಬಿಡಲಿಲ್ಲ, ಆಗಾಗ ಎದ್ದು ಇಂಜಿನ್ ಚಾಲೂ ಮಾಡಿ ಬಿಸಿ ಇಟ್ಟರು. ಬಹಳ ಪೆಟ್ರೋಲ್ ಅಲ್ಲೇ ಕಳೆಯಿತು. ಮಾರನೆಯ ದಿನ ಘಟ್ಟದ ನಡುವೆ ಹಿಮಗಾಳಿ ಶುರುವಾಯಿತು. ಮುಂದೆ ದಾರಿ ಯಾವುದು, ಕಮರಿ ಯಾವುದು ಅಂತ ಕಾಣುತ್ತಿರಲಿಲ್ಲ. ಬೆಳಗಾಗುವ ತನಕ ನಿಲ್ಲಲೇಬೇಕಾಯಿತು. ಅಷ್ಟು ಹೊತ್ತೂ ಇಂಜಿನ್ ಓಡಿಸಿದರೆ ಪಟ್ಟಣ ಮುಟ್ಟುವುದಕ್ಕೆ ಪೆಟ್ರೋಲ್ ಇಲ್ಲ. ಭಾವ ಡಬ್ಬ ಹಿಡಿದು ನೀರು ಬಿಟ್ಟರು. ನಮ್ಮ ಕಡೆ ನೀರು ಚೆಲ್ಲುವುದುಂಟೇ, ಬೆಳಿಗ್ಗೆ ಅದನ್ನೇ ಕಾಯಿಸಿ ಮತ್ತೆ ಹಾಕಬೇಕಲ್ಲ. ಡಬ್ಬವನ್ನು ಕ್ಯಾಬಿನ್ ಒಳಗೆ ತಂದಿಟ್ಟರು.

ಅಮ್ಮ ಹಟ ಮಾಡಿ ಎಡಗಡೆಯ ಡ್ರೈವರ್ ಸೀಟಿನಲ್ಲೇ ಕೂತಿದ್ದಳು. ಕಣ್ಣು ಮುಚ್ಚಿದ್ದವಳು ತೆರೆದು ಡಬ್ಬ ನೋಡಿದಳು.

"ಮಿಕ್ಕಿದ್ದು ಎಲ್ಲಿ?"

"ಅಷ್ಟೇ ಬಂತು ಅತ್ತೆ. ಆವಿಯಾಗಿ ಹೋಗಿರ್ಬೇಕು" ಅಂದರು ಭಾವ.

"ಯಾವತ್ತೂ ಈ ಡಬ್ಬ ತುಂಬಿ ಚೆಲ್ಲುತ್ತೆ ಚೊಯ್ಜಿಲ್. ಹಿಂದಿನ ನಲ್ಲಿ ಬಿಟ್ಯಾ?"

ನಿನ್ನ ಭಾವ ಮತ್ತೆ ಇಳಿದು, ಟಾರ್ಚ್ ಹಿಡಿದು ಕೆಳಗೆ ನುಗ್ಗಿ, ಬಹಳ ಹೊತ್ತು ತಡಕಿದರು. ಮೇಲೆ ಬಂದು, "ಅಲ್ಲಿ ನಲ್ಲೀನೇ ಇಲ್ಲ. ಬರೀ ನೀಲಿ" ಅಂದರು.

ಅಮ್ಮ ಬೈಯಲಿಲ್ಲ ಯಾದಮ್. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. "ನನ್ನ ಮಗ ಏನೋ ಮುಚ್ಚಿದಾನೆ. ಒಳಗೆ ನೀರಿದೆ" ಅಂದಳು. ಆಮೇಲೆ ತನ್ನ ಮೇಲಿದ್ದ ಕುರಿಚರ್ಮದ ಕೋಟು ಬಿಚ್ಚಿ ಕೊಟ್ಟಳು, ಹೊದ್ದಿದ್ದ ಉಣ್ಣೆಗಂಬಳಿಯನ್ನೂ ಎಳೆದು ಕೊಟ್ಟಳು. ಇಂಜಿನ್‌ಗೆ ಹೊದಿಸು ಅಂತ. ಬೇಡ ಅಂತ ನಾನು ಅಳುತ್ತಾ ಕಿತ್ತಾಡಿದೆ. "ಅದು ಒಡೆದ್ರೆ ನಾನು ಇಲ್ಲೇ ಸಾಯ್ತೀನಿ, ನೀವೂ ಸಾಯ್ತೀರಿ. ಹೊದಿಸೇ" ಅಂದಳು.

ಭಾವ ಹಿಂದಿದ್ದ ಬೆರಣಿ ಮೂಟೆ ಬಿಚ್ಚಿ, ತಗಡಿನಲ್ಲಿ ಕೆಂಡ ಮಾಡಿ ಇಂಜಿನ್ ಅಡಿಗೆ ತಳ್ಳಿದರು. ಅದು ಆರುವುದರೊಳಗೆ ಇನ್ನೊಂದು. ಬೆಳಗಿನ ತನಕ ಹೊರಗೇ ಇದ್ದರು ಪಾಪ, ಹುಬ್ಬೆಲ್ಲ ಮಂಜುಗಟ್ಟಿತ್ತು. ಗಾಳಿಗೆ ಬಾನೆಟ್ ಮೇಲಿನ ಕಂಬಳಿ ಹಾರಿಹೋಗುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಅಮ್ಮ ತನ್ನ ಪಕ್ಕದ ಕಿಟಕಿಯ ಸಂದಿನಿಂದ ಒಳಗೆ ಎಳೆದು ಹಿಡಿದುಕೊಂಡಳು. ನಾನು ಅವಳನ್ನು ನನ್ನ ಕೋಟಿನೊಳಗೆ ಸೇರಿಸಿ ತಬ್ಬಿಕೊಂಡೇ ಕೂತಿದ್ದೆ. ಹಗ್ಗ ನಾನು ಹಿಡಿಯುತ್ತೇನೆ ಅಂದರೆ ಬಿಡಲಿಲ್ಲ. ಮಾತಾಡಿಸಿದಾಗಲೆಲ್ಲ, ಇದ್ದೀನಿ ಕಣೇ, ಅನ್ನುತ್ತಿದ್ದಳು.

ಬೆಳಕು ಹರಿದ ಮೇಲೆ ನೀರು ಕಾಯಿಸಿ ಹಾಕಿದೆವು. ಹ್ಯಾಂಡಲ್ ಎರಡನೇ ಸುತ್ತಿಗೇ ಚಾಲೂ ಆಯಿತು. ಒಂದು ಹನಿ ಸೋರಿರಲಿಲ್ಲ. ನಾನು ಅಮ್ಮನ ಕೈಯಿಂದ ಹಗ್ಗ ಬಿಡಿಸಲು ಹೋದೆ. ಬಿಡಿಸಲು ಆಗಲಿಲ್ಲ. ಗಾಳಿಗೆ ಜಾರದಿರಲಿ ಅಂತ ಬೆರಳಿಗೆ ಸುತ್ತಿಕೊಂಡಿದ್ದಳು. ಬೆರಳುಗಳು ಹೆಪ್ಪುಗಟ್ಟಿ ಬಿಳಿ ಮೇಣದ ಹಾಗಿದ್ದವು.

ಎರಡು ಬೆರಳು ಉಳಿಯಲಿಲ್ಲ. ನಿನ್ನೆ ತೆಗೆದರು.

ನಿನ್ನ ಕಾಗದ ಈಗ ಕೈಗೆ ಬಂತು. ನಾನು 'ಚೆನ್ನಾಗಿದ್ದೇವೆ' ಅಂತ ಬರೆದೆ, ನೀನು 'ಚೆನ್ನಾಗಿದೆ' ಅಂತ ಬರೆದೆ. ಇಬ್ಬರೂ ಸೇರಿ ಅವಳನ್ನು ಕೊಲ್ಲುತ್ತಿದ್ದೆವಲ್ಲೋ.

ದುಲ್ಮಾ

*

ಉಲಾನ್‌ಬಾತರ್
27 ನವೆಂಬರ್ 1996

ಅಕ್ಕಾ,

ಚೆನ್ನಾಗಿಲ್ಲ. ನಿನ್ನ ಕಾಗದ ಬಂದಂದಿನಿಂದ ಕೆಲಸಕ್ಕೆ ಹೋಗಿಲ್ಲ. ಎರಡನೆಯ ಕೈ ಬಣ್ಣಕ್ಕೆ ಕಳೆದ ದಿನಗಳಲ್ಲಿ ಇಂಜಿನ್ ಅಲ್ಲಿಗೆ ತಲುಪಿ, ಘಟ್ಟದಲ್ಲಿ ಹಿಮ ಬೀಳುವ ಮೊದಲೇ ಅಮ್ಮ ಆಸ್ಪತ್ರೆ ಸೇರುತ್ತಿದ್ದಳು. ಇದನ್ನು ಬಿಟ್ಟು ಬೇರೇನೂ ತಲೆಗೆ ಬರುತ್ತಿಲ್ಲ.

ನಾಲ್ಕನೇ ತಾರೀಖಿನ ಅಂಚೆ ಲಾರಿಯಲ್ಲಿ, ಅರ್ವೈಖೇರ್ ದಾರಿಯಾಗಿ ಹೊರಡುತ್ತೇನೆ. ನಲ್ಲಿ, ಡ್ರಿಲ್, ಕನ್ನಡಕ ತರುತ್ತಿದ್ದೇನೆ. ಅಮ್ಮ ನನ್ನ ಮುಖ ನೋಡುವುದಿಲ್ಲ ಅಂದರೆ ಆಸ್ಪತ್ರೆಯ ಅಂಗಳದಲ್ಲೇ ಲಾರಿ ಕೆಲಸ ಮುಗಿಸಿ ಹೊರಟುಹೋಗುತ್ತೇನೆ. ನಿಜವಾದದ್ದನ್ನು ಬರೆ. ಅವಳು ಇನ್ನು ಲಾರಿ ಓಡಿಸಬಲ್ಲಳೇ?

ಯಾದಮ್

*

ಅಲ್ಟಾಯ್ ಪಟ್ಟಣ, ದೊಡ್ಡಾಸ್ಪತ್ರೆ
1 ಡಿಸೆಂಬರ್ 1996
(ದಾರಿಯಲ್ಲಿ ಸಿಗುವಂತೆ, ಅರ್ವೈಖೇರ್ ಅಂಚೆಮನೆಗೆ)

ಯಾದಮ್,

ಅಮ್ಮ ಹೇಳುತ್ತಿದ್ದಾಳೆ, ದುಲ್ಮಾ ಬರೆಯುತ್ತಿದ್ದೇನೆ. ಒಂದಕ್ಷರವೂ ತಿದ್ದಬಾರದಂತೆ.

ನಿನ್ ಅಕ್ಕ ನಿನ್ ಕಾಗದ ಓದಿದ್ಲು. ಗಂಡಸಾಗಿ ಏನೋ ಅದು ಗೋಳು. ಕೆಟ್ಟದ್ದು ಮೊದಲು ಹೇಳ್ತೀನಿ, ಇನ್ಮೇಲೆ ನಮ್ಮನೇಲಿ ಹಂಗೇ. ನೋವಿದೆ. ರಾತ್ರಿ ಇಲ್ಲದ ಬೆರಳೂ ನೋಯುತ್ತೆ. ಇಲ್ಲಿ ಸೂಪಿಗೆ ಉಪ್ಪಿಲ್ಲ. ನಿನ್ ಮೇಲೆ ಕೋಪ ಇದೆ, ಬಿರಡೆ ಹಾಕಿದ್ದಕ್ಕಲ್ಲ. ಬಿರಡೆ ಚೆನ್ನಾಗೇ ಹಾಕಿದೀಯ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಅದರ ಮೇಲೆ ಬಣ್ಣ ಹೊಡೆದ್ಯಲ್ಲ, ಅದಕ್ಕೆ. ಬಂದವನೇ ಅಷ್ಟು ಜಾಗದ ಬಣ್ಣ ಕೆರೆದು ಹಾಕು. ಹೊಲಿಗೆ ಕಾಣ್ಲಿ. ಕತ್ತಲಲ್ಲಿ ಕೈ ಹಾಕಿದೋರಿಗೆ ಗೊತ್ತಾಗ್ಲಿ.

ಮುಖ ನೋಡಲ್ಲ ಅಂತ ಯಾರೋ ಹೇಳಿದ್ದು? ಅಂಗಳದಿಂದ ಹಂಗೇ ವಾಪಸ್ ಹೋದ್ರೆ ಕಾಲು ಮುರೀತೀನಿ.

ಆಮೇಲೆ, ಓಡಿಸ್ತಾಳಾ ಅಂತ ಕೇಳಿದ್ಯಂತೆ. ತೆಗೆದಿರೋದು ಎಡಗೈ ಬೆರಳು. ಗೇರ್ ಹಾಕೋದು ಬಲಗೈಲಿ.